ಮೂಲೆಯ ಗೋಣಿತಾಟು

ನಮ್ಮೂರ ಸರ್ಕಾರಿ ಶಾಲೆಯಲ್ಲಿ ಆರನೆ ಕ್ಲಾಸು ಓದುವ ಒಬ್ಬ ಹುಡುಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ತೊಟ್ಟು ನೀರು ಕುಡಿಯುವುದಿಲ್ಲ. ಹುಟ್ಟಿದಾಗಿನಿಂದ ಅವಳ ಎರಡೂ ಕಾಲು ಸ್ವಾಧೀನದಲ್ಲಿಲ್ಲ. ಅವ್ವ ಸೊಂಟದ ಮೇಲೆ ಹೊತ್ತು ತಂದು ಕೂರಿಸಿ ಕೂಲಿಗೆ ಹೋಗುತ್ತಾಳೆ. ಬಿಸಿಯೂಟದ ಹೊತ್ತಿನಲ್ಲಿ ನಾವು ಲೋಟ ಮುಂದೆ ಹಿಡಿದರೆ, ‘ಬ್ಯಾಡ ಕಣಣ್ಣ, ಕುಡುದ್ರೆ ಹೋಗ್ಬೇಕಾಯ್ತದೆ. ಅವ್ವ ಬರೋದು ನಾಕೂವರೆಗೆ’ ಅಂದಳು. ಶಾಲೆಗೆ ರ‍್ಯಾಂಪು ಇದೆ, ದಾಖಲೆಯಲ್ಲೂ ಇದೆ. ಆದರೆ ಕಕ್ಕಸಿಗೆ ಮೂರು ಮೆಟ್ಟಿಲು. ಒಳಗೆ ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ.

ಅವಳಿಗೆ ಯಾರೂ ನೀರು ಮುಟ್ಟಬೇಡ ಅಂದಿಲ್ಲ. ನಮ್ಮನ್ನು ಕಾಡುವುದು ಇದೇ. ಬೇಡ ಅನ್ನುವವನು ಒಬ್ಬನೂ ಇಲ್ಲದೆ ಒಂದು ಮಗು ಬಾಯಾರಿ ಕೂರುವುದಾದರೆ ತಪ್ಪು ಯಾರದು?

ಈ ಬಾಯಾರಿಕೆ ನಮಗೆ ಹೊಸದಲ್ಲ. ಬಾಬಾಸಾಹೇಬರು ತಮ್ಮ ಶಾಲೆಯ ದಿನಗಳ ಬಗ್ಗೆ ಬರೆದಿಟ್ಟಿದ್ದಾರೆ. ತರಗತಿಯ ಮೂಲೆಯಲ್ಲಿ, ಮನೆಯಿಂದ ತಂದ ಗೋಣಿತಾಟಿನ ಮೇಲೆ ಅವರು ಕೂರಬೇಕಿತ್ತು. ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಅವನಿಲ್ಲದ ದಿನ ಬಾಯಾರಿಕೆ. ಆ ಹುಡುಗನೇ ದೊಡ್ಡವನಾಗಿ 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಗಿಳಿದು ನೀರು ಕುಡಿದ. ಅದೇ ವರ್ಷ ಡಿಸೆಂಬರ್ 25ರಂದು ಅದೇ ಊರಿನಲ್ಲಿ ಮನುಸ್ಮೃತಿಗೆ ಬೆಂಕಿ ಬಿತ್ತು.

ಆ ಪುಸ್ತಕವನ್ನು ನಾವು ನಮ್ಮ ಶತ್ರು ಎಂದಷ್ಟೇ ಓದಿದ್ದೇವೆ. ಅದರ 9ನೆಯ ಅಧ್ಯಾಯ ಹುಟ್ಟುಕುರುಡರಿಗೆ, ಕಿವುಡರಿಗೆ, ಮೂಕರಿಗೆ, ಅಂಗ ಊನವಾದವರಿಗೆ ಆಸ್ತಿಯಲ್ಲಿ ಪಾಲಿಲ್ಲ ಎನ್ನುತ್ತದೆ. 11ನೆಯ ಅಧ್ಯಾಯ ಅಂಗದ ಊನಕ್ಕೆ ಹಿಂದೆ ಮಾಡಿದ ಪಾಪವೇ ಕಾರಣ ಎನ್ನುತ್ತದೆ. ಕೇರಿಯಲ್ಲಿ ಹುಟ್ಟಿದ್ದಕ್ಕೂ ಕರ್ಮ, ಕಾಲಿಲ್ಲದೆ ಹುಟ್ಟಿದ್ದಕ್ಕೂ ಕರ್ಮ! ಮಹಾಡಿನಲ್ಲಿ ಸುಟ್ಟ ಪುಟಗಳಲ್ಲಿ ಈ ಪುಟಗಳೂ ಇದ್ದವು ಎಂಬುದನ್ನು ನಾವು ಮರೆತಿದ್ದೇವೆ.

ಎರಡು ನೋವೂ ಒಂದೇ ಎಂದು ನಾವು ಹೇಳುತ್ತಿಲ್ಲ. ಅಸ್ಪೃಶ್ಯತೆಯನ್ನು ಮನುಷ್ಯ ಬೇಕೆಂದೇ ಕಟ್ಟಿದ. ಆ ಹುಡುಗಿಯ ಕಾಲನ್ನು ಯಾರೂ ಬೇಕೆಂದು ಹಾಗೆ ಮಾಡಲಿಲ್ಲ. ಆದರೆ ಆ ಮೂರು ಮೆಟ್ಟಿಲನ್ನು ಕಟ್ಟಿದವನು ಮನುಷ್ಯನೇ. ಅವನು ಕಟ್ಟುವಾಗ ಅವನ ಲೆಕ್ಕದಲ್ಲಿ ಆ ಮಗು ಇರಲಿಲ್ಲ. ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ಎಂಥ ಹಿಂಸೆ ಎಂಬುದನ್ನು ಊರಾಚೆ ಹುಟ್ಟಿದ ನಮಗೆ ಬೇರೆ ಯಾರಾದರೂ ಹೇಳಿಕೊಡಬೇಕೆ? ಇನ್ನು ಆ ಹುಡುಗಿ ನಮ್ಮ ಕೇರಿಯವಳೇ. ಜಾತಿ ಹಾಕಿದ ಬೇಲಿ ದಾಟಿ ಬಂದರೆ ಅವಳ ಮುಂದೆ ಮೆಟ್ಟಿಲು ನಿಂತಿದೆ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಮೊದಲು ಡಿಗ್ರಿ ಮೆಟ್ಟಿಲು ಹತ್ತಿದವರು ನಾವು. ನಾಲ್ಕು ಅಕ್ಷರ ಬಂದ ಕೂಡಲೇ ಕವನ ಬರೆದೆವು. ಅಂಬೇಡ್ಕರ್ ಜಯಂತಿಯ ದಿನ ಕೇರಿಯಲ್ಲಿ ನಿಂತು ಕುರುಡು ಸರ್ಕಾರ, ಕಿವುಡು ಸಮಾಜ, ಕುಂಟು ಕಾನೂನು ಎಂದು ಎದೆಯುಬ್ಬಿಸಿ ಓದಿದೆವು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಅವ್ವನ ತೊಡೆ ಮೇಲೆ ಕೂತಿದ್ದ ಆ ಹುಡುಗಿ ಆಮೇಲೆ ಕೇಳಿದಳು: ‘ಕಾನೂನೂ ನನ್ನಂಗೇನಾ ಅಣ್ಣ?’

ನಮ್ಮ ಬಾಯಿ ಕಟ್ಟಿತು. ನಮ್ಮ ಜಾತಿಯ ಹೆಸರನ್ನು ಬೈಗುಳ ಮಾಡಿಕೊಂಡವರ ವಿರುದ್ಧ ಬೀದಿಗಿಳಿದ ನಾವು ಇನ್ನೊಬ್ಬರ ದೇಹವನ್ನು ಬೈಗುಳ ಮಾಡಿಕೊಂಡಿದ್ದೆವು. ಸರ್ಕಾರಕ್ಕೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ನೋಡಿಯೂ ನೋಡದಂತೆ ಇರುವುದು ಹುನ್ನಾರವೇ ಹೊರತು ಕುರುಡಲ್ಲ. ಆ ಕಪಟಕ್ಕೆ ಕಣ್ಣಿಲ್ಲದ ನಿರಪರಾಧಿಯ ಹೆಸರಿಡುವುದು ಯಾವ ನ್ಯಾಯ?

ಬೈಗುಳಕ್ಕಿಂತ ನಯವಾದದ್ದು ಇನ್ನೊಂದಿದೆ, ಕರುಣೆ. ಒಂದು ಕಾಲಕ್ಕೆ ನಮ್ಮನ್ನು ದೇವರ ಜನ ಮಾಡಿ ‘ಹರಿಜನ’ ಎಂದರು. ಹೆಸರು ಬಂತು, ಬಾವಿಯ ನೀರು ಬರಲಿಲ್ಲ. 2015ರಲ್ಲಿ ದೆಹಲಿಯಿಂದ ‘ದಿವ್ಯಾಂಗ’ ಎಂಬ ಹೆಸರು ಬಂತು. ಅಂಗ ದಿವ್ಯವಾಯಿತು, ಕಕ್ಕಸಿನ ಮೆಟ್ಟಿಲು ಹಾಗೇ ಉಳಿಯಿತು. ಆ ಹುಡುಗಿಗೆ ದೇವರಾಗುವುದು ಬೇಕಾಗಿಲ್ಲ. ಹತ್ತು ಜನರಂತೆ ಬಾಯಾರಿದಾಗ ನೀರು ಕುಡಿಯುವುದು ಬೇಕಾಗಿದೆ.

ಈ ಕರುಣೆ ಮಕ್ಕಳನ್ನಷ್ಟೇ ಅಲ್ಲ, ಮೇಷ್ಟ್ರುಗಳನ್ನೂ ತಿನ್ನುತ್ತದೆ. ಹೈಸ್ಕೂಲಿನಲ್ಲಿ ನಮಗೆ ಸಮಾಜ ಪಾಠ ಮಾಡಿದವರಿಗೆ ಕಣ್ಣು ಕಾಣುತ್ತಿರಲಿಲ್ಲ. ‘ಹಿಂದಿನ ಬೆಂಚು ಯಾಕ್ರಯ್ಯಾ ಸುಮ್ನಿದೆ?’ ಎಂದು ದಿನಾ ಕೇಳುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಇರುತ್ತಿದ್ದವರು ನಾವೇ, ಕೇರಿಯವರು. ಬೇರೆ ಮೇಷ್ಟ್ರುಗಳಿಗೆ ನಮ್ಮ ಮೌನ ಒಂದು ಸಮಸ್ಯೆ ಅನ್ನಿಸಿರಲಿಲ್ಲ. ಅವರಿಗೆ ಒಳಗಣ್ಣು ಇತ್ತು ಎಂಬ ಕಾವ್ಯ ನಮಗೆ ಬೇಡ. ಕಿವಿಯಿಂದ ತರಗತಿ ನಡೆಸುವ ಕಸುಬನ್ನು ಅವರು ಕಷ್ಟಪಟ್ಟು ಕಲಿತಿದ್ದರು, ಅಷ್ಟೆ. ಅಂಥವರಿಗೆ ತೊಂದರೆ ಆಗಬಾರದು ಎಂಬ ಕರುಣೆಯಿಂದ ಹತ್ತನೇ ತರಗತಿಯ ಪಾಠ ತಪ್ಪಿಸಿದರು. ಈಚೆಗೆ ಸಿಕ್ಕಾಗ ಅವರು ಅಂದರು: ‘ನನ್ ಕಷ್ಟ ಕಣ್ಣಿಂದಲ್ಲ ಕಣ್ರಯ್ಯಾ, ಕಚೇರಿಯಿಂದ. ಫೋನು ನನಗೆ ಕನ್ನಡ ಓದಿ ಹೇಳ್ತದೆ. ಆದ್ರೆ ಸುತ್ತೋಲೆನೆಲ್ಲಾ ಫೋಟೋ ಹೊಡ್ದು ವಾಟ್ಸಾಪಿಗೆ ಹಾಕ್ತಾರೆ. ಫೋಟೋನ ಅದು ಓದಕಿಲ್ಲ. ಅಕ್ಷರದಲ್ಲಿ ಕಳ್ಸಿ ಅಂದ್ರೆ, ಪಾಪ ನಿಮಗ್ಯಾಕೆ ಸಾರ್ ತೊಂದ್ರೆ ಅಂತಾರೆ.’

ಈ ‘ಪಾಪ’ ಎಂಬ ಮಾತಿನಲ್ಲಿ ಒಂದು ಗೋಣಿತಾಟು ಅಡಗಿದೆ. ನೀನು ಆ ಮೂಲೆಯಲ್ಲೇ ಸುಖವಾಗಿ ಕೂತಿರು ಎನ್ನುವುದು ಅದರ ಅರ್ಥ.

ಅವರು ಬೆರಳಿನಿಂದ ಓದುವ ಆ ಆರು ಚುಕ್ಕಿಯ ಲಿಪಿಯ ಕಥೆಯನ್ನೂ ನಮ್ಮವರು ತಿಳಿಯಬೇಕು. ಅದನ್ನು ಕಟ್ಟಿದ ಫ್ರಾನ್ಸಿನ ಲೂಯಿ ಬ್ರೈಲ್ ಕುದುರೆಯ ಜೀನು ಹೊಲಿಯುವವನ ಮಗ. ಮೂರು ವರ್ಷದವನಿದ್ದಾಗ ಅಪ್ಪನ ಅಂಗಡಿಯಲ್ಲಿ ಚರ್ಮ ಚುಚ್ಚುವ ಉಳಿ ಕಣ್ಣಿಗೆ ತಗುಲಿತು. ಒಂದು ಕಣ್ಣಿನ ಕೀವು ಇನ್ನೊಂದಕ್ಕೂ ಹರಡಿ ಎರಡೂ ಹೋದವು. 1829ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಅವನ ಲಿಪಿ ಅಚ್ಚಾಯಿತು. ತಾನು ಓದಿದ ಪ್ಯಾರಿಸ್ಸಿನ ಕುರುಡರ ಶಾಲೆಯಲ್ಲೇ ಅವನು ಮೇಷ್ಟ್ರಾದ. ಆ ಲಿಪಿಯನ್ನು ಯಾವ ಧರ್ಮಾತ್ಮನೂ ದಾನ ಕೊಡಲಿಲ್ಲ. ಚರ್ಮದ ಕೆಲಸದ ಮನೆಯಿಂದ ಬಂದ ಒಬ್ಬ ವಿದ್ಯಾರ್ಥಿ ಕಟ್ಟಿದ್ದು ಅದು. ತಮಗೇನು ಬೇಕು ಎಂಬುದು ನೋವುಂಡವರಿಗೆ ಗೊತ್ತಿರುತ್ತದೆ. ಅವರನ್ನು ಕೇಳಬೇಕು, ಕೇಳಿ ಕಟ್ಟಬೇಕು.

ಕಾನೂನು ಇಲ್ಲವೆಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಊನಗಳನ್ನು ಗುರುತಿಸಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ಊನವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ, ಇಲ್ಲವೇ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಸರ್ಕಾರಿ ನೌಕರಿಯಲ್ಲಿ ಶೇಕಡಾ 4ಕ್ಕೆ ಕಡಿಮೆಯಿಲ್ಲದ ಮೀಸಲಾತಿ ಕೊಟ್ಟಿದೆ. ಬ್ರೈಲ್ ಮತ್ತು ಸಂಜ್ಞೆ ಭಾಷೆ ಬಲ್ಲ ಅಂಗವಿಕಲ ಶಿಕ್ಷಕರನ್ನೂ ನೇಮಿಸಬೇಕು ಎಂದಿದೆ. 2021ರ ಅಕ್ಟೋಬರ್ 28ರಂದು ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದಿತು. ಆದರೆ ಸಂವಿಧಾನದ 17ನೆಯ ವಿಧಿ ಬರೆದ ದಿನವೇ ಹೋಟೆಲಿನ ಲೋಟ ಒಂದಾಯಿತೇ? ಪುಸ್ತಕದ ಕಾನೂನನ್ನು ಊರಿಗೆ ಹೊತ್ತು ತರುವವರು ಬೇಕು.

ಗೆಳೆಯರೇ, ಮೇಷ್ಟ್ರುಗಳೇ, ನಿಮ್ಮ ಶಾಲೆಯ ಕಕ್ಕಸಿಗೆ ಎಷ್ಟು ಮೆಟ್ಟಿಲು ಎಂದು ನಾಳೆ ಎಣಿಸಿ. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಮನೆಯಲ್ಲೇ ಉಳಿದ ಮಗುವಿನ ಮನೆಗೆ ಹೋಗಿ. ಜೊತೆಯ ಅಂಗವಿಕಲ ಶಿಕ್ಷಕರ ಪಾಠವನ್ನು ಕರುಣೆಯಿಂದ ಕಿತ್ತುಕೊಳ್ಳಬೇಡಿ, ಅವರಿಗೇನು ಬೇಕೆಂದು ಕೇಳಿ. ಕವಿಗಳೇ, ಬೈಗುಳ ಬೇಕಾದರೆ ಉಳ್ಳವರ ಗುಣದಿಂದ ಹುಡುಕಿಕೊಳ್ಳಿ.

ಮೊನ್ನೆ ಎಸ್‌ಡಿಎಂಸಿ ಸಭೆಯಲ್ಲಿ ನಾವು ಆ ಮೆಟ್ಟಿಲಿನ ಮಾತೆತ್ತಿದಾಗ ಒಬ್ಬರು, ‘ಒಂದ್ ಮಗೀಗೋಸ್ಕರ ಇಷ್ಟೆಲ್ಲಾ ಖರ್ಚಾ?’ ಅಂದರು. ಒಂದು ಮಗುವನ್ನು ದೂರ ಇಡಲು ಬೇರೆ ಗೋಣಿತಾಟು, ಬೇರೆ ಮೂಲೆ, ನಲ್ಲಿ ತಿರುಗಿಸಲು ಒಬ್ಬ ಜವಾನ, ಇಷ್ಟೆಲ್ಲಾ ಏರ್ಪಾಟು ಮಾಡಿದ ಸಮಾಜ ಇದು. ಅಂದು ಖರ್ಚಿನ ಲೆಕ್ಕ ಯಾರೂ ಕೇಳಲಿಲ್ಲ. ಒಂದು ಮಗುವನ್ನು ಒಳಗೆ ಕರೆಯಲು ಮಾತ್ರ ಲೆಕ್ಕವೇ? ಸಭೆಯಲ್ಲಿ ನಾವು ಇದನ್ನೇ ಕೇಳಿದೆವು. ಮುಂದಿನ ತಿಂಗಳು ನೋಡೋಣ ಅಂದಿದ್ದಾರೆ.

ಮೆಟ್ಟಿಲು ಇನ್ನೂ ಇದೆ. ಹುಡುಗಿ ಇನ್ನೂ ನೀರು ಕುಡಿಯುತ್ತಿಲ್ಲ. ನಾವು ಮುಂದಿನ ತಿಂಗಳೂ ಹೋಗುತ್ತೇವೆ.