ಪರರಿಗೆ ಹೇಳುವ ಸಹನೆ

ಸಹನೆಯು ದೊಡ್ಡ ಗುಣವೆಂಬ ವಿಷಯದಲ್ಲಿ ಯಾವ ದೇಶದ ಹಿರಿಯರಿಗೂ ಭಿನ್ನಾಭಿಪ್ರಾಯವಿದ್ದಂತೆ ತೋರುವುದಿಲ್ಲ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ಸಹನೆಯೆಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ವ್ಯಾಪಾರಗಳು ಅಡಗಿವೆ. ನೋವಿಗೆ ಸಿಕ್ಕಿದವನು ತಾನಾಗಿ ಮನಸ್ಸನ್ನು ಬಿಗಿಹಿಡಿದು ಅದನ್ನು ತಾಳಿಕೊಳ್ಳುವುದು ಒಂದು. ನೋವಿಲ್ಲದೆ ಪಕ್ಕದಲ್ಲಿ ನಿಂತವನು ಅವನನ್ನು ನೋಡಿ 'ತಾಳಿಕೋ' ಎಂದು ಹೇಳುವುದು ಇನ್ನೊಂದು. ಮೊದಲನೆಯದು ಗುಣವೆಂಬುದು ನಿರ್ವಿವಾದ. ಎರಡನೆಯದೂ ಗುಣವೇ ಆಗಿರುವುದೆ, ಅಥವಾ ಗುಣದ ವೇಷವನ್ನು ತೊಟ್ಟ ಬೇರೆ ಯಾವುದಾದರೂ ಆಗಿರುವುದೆ ಎಂಬುದು ವಿಚಾರಮಾಡತಕ್ಕ ಪ್ರಶ್ನೆ. ಇದನ್ನು ಪರೀಕ್ಷಿಸುವುದಕ್ಕೆ ಗೃಹಸ್ಥರ ಮನೆಯಲ್ಲಿಯೇ ಒಂದು ನಿದರ್ಶನವುಂಟು. ಅದು ಚೊಚ್ಚಲ ತಿಂಗಳುಗಳ ಬಸುರಿಯ ವಾಂತಿ.

ಗರ್ಭಧಾರಣೆಯಾದ ಹೆಂಗಸರಲ್ಲಿ ಹತ್ತಕ್ಕೆ ಏಳೆಂಟು ಮಂದಿಗೆ ಓಕರಿಕೆಯೋ ವಾಂತಿಯೋ ಉಂಟಾಗುವುದು ಸಾಮಾನ್ಯ. ಅದು ಎರಡನೆಯ ತಿಂಗಳಿನಲ್ಲಿ ಕಾಣಿಸಿಕೊಂಡು, ಒಂಬತ್ತನೆಯ ವಾರದ ಸುಮಾರಿಗೆ ಬಲಿತು, ನಾಲ್ಕನೆಯ ತಿಂಗಳ ಹೊತ್ತಿಗೆ ಬಹುಮಂದಿಯಲ್ಲಿ ಇಳಿದುಹೋಗುತ್ತದೆ. ಆದರೆ ಕೆಲವರಲ್ಲಿ, ನೂರಕ್ಕೆ ಒಬ್ಬಿಬ್ಬರಲ್ಲಿ ಎನ್ನಬಹುದು, ಅದು ಬೇರೆಯೇ ರೂಪವನ್ನು ತಾಳುತ್ತದೆ. ನುಂಗಿದ ಅನ್ನ ನಿಲ್ಲದು. ಕುಡಿದ ನೀರೂ ನಿಲ್ಲದು. ಒಗ್ಗರಣೆಯ ಕಮಟು, ಸಾಬೂನಿನ ವಾಸನೆ, ಕಡೆಗೆ ಗಂಡನ ಅಂಗಿಯ ವಾಸನೆಯೂ ಕರುಳನ್ನು ಕಿತ್ತು ಹಾಕುವಂತಾಗುತ್ತದೆ. ಮೈಯ ತೂಕ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಿ ಇಳಿಯುತ್ತದೆ. ಆಹಾರವನ್ನು ಕಾಣದ ದೇಹವು ತನ್ನ ಕೊಬ್ಬನ್ನೇ ಉರಿಸತೊಡಗುತ್ತದೆ. ಬಿ-1 ಜೀವಸತ್ವವು ಬರಿದಾದರೆ ಮೆದುಳಿಗೇ ಊನವುಂಟಾಗುವ ಭಯವುಂಟು. ಕೆಲವರಿಗೆ ಈ ಬವಣೆ ಹೆರಿಗೆಯ ದಿನದವರೆಗೂ ಬಿಡದು. ವೈದ್ಯರು ಇದನ್ನು ಹೈಪರೆಮೆಸಿಸ್ ಗ್ರಾವಿಡಾರಮ್ ಎನ್ನುತ್ತಾರೆ. ಕನ್ನಡದಲ್ಲಿ ಗರ್ಭಿಣಿಯ ಅತಿವಮನ ಎನ್ನಬಹುದು. ದುರ್ದೈವವೆಂದರೆ, ಮನೆಮಾತಿನಲ್ಲಿ ಆ ಅಲ್ಪಕ್ಕೂ ಈ ಘೋರಕ್ಕೂ ಒಂದೇ ಹೆಸರು. ಹೆಸರು ಒಂದಾದುದರಿಂದ ಉಪದೇಶವೂ ಒಂದೇ ಆಗುತ್ತದೆ.

ಆಂಗ್ಲ ಸಾಹಿತ್ಯದ ಚರಿತ್ರೆಯಲ್ಲಿ ಇದಕ್ಕೆ ಒಂದು ಕರುಣಾಜನಕವಾದ ಉದಾಹರಣೆ ಇದೆ. 1847ರಲ್ಲಿ 'ಜೇನ್ ಐರ್' ಎಂಬ ಕಾದಂಬರಿಯನ್ನು ಪ್ರಕಟಿಸಿ ಪ್ರಸಿದ್ಧಳಾದ ಷಾರ್ಲೆಟ್ ಬ್ರಾಂಟೆ 1854ರ ಜೂನ್ ತಿಂಗಳಿನಲ್ಲಿ, ತನ್ನ 38ನೆಯ ವಯಸ್ಸಿನಲ್ಲಿ, ತಂದೆಯ ಸಹಾಯಕ ಪಾದ್ರಿಯಾಗಿದ್ದ ಆರ್ಥರ್ ಬೆಲ್ ನಿಕಲ್ಸ್ ಎಂಬಾತನನ್ನು ಮದುವೆಯಾದಳು. ಮರುವರ್ಷದ ಆದಿಯಲ್ಲಿ ಆಕೆಗೆ ಎಡೆಬಿಡದ ಓಕರಿಕೆಯೂ ಬವಳಿಯೂ ಆರಂಭವಾದುವು. ಆಕೆಯ ಗೆಳತಿ ಎಲಿಜಬೆತ್ ಗಾಸ್ಕೆಲ್ 1857ರಲ್ಲಿ ಬರೆದ ಜೀವನ ಚರಿತ್ರೆಯಿಂದ ಮುಂದಿನ ಸಂಗತಿಗಳು ತಿಳಿದುಬರುತ್ತವೆ. ವೈದ್ಯನನ್ನು ಕರೆಸಿದರು, ಅವನು ಬಂದು ನೋಡಿ, ಇದಕ್ಕೆ ಕಾರಣ ಸ್ವಾಭಾವಿಕವಾದುದು, ಸ್ವಲ್ಪ ತಾಳ್ಮೆಯಿಂದಿದ್ದರೆ ಎಲ್ಲವೂ ಸರಿಹೋಗುವುದು ಎಂದು ತಿಳಿಸಿದನು. ಮನೆಯ ಸೇವಕಿಯು ಬರಲಿರುವ ಮಗುವಿನ ಮಾತನ್ನೆತ್ತಿ ಒಡತಿಯನ್ನು ಉಲ್ಲಾಸಗೊಳಿಸಲು ನೋಡಿದಳು; ಮುಂದೆಂದಾದರೂ ಸಂತೋಷವಾದೀತು, ಈಗಂತೂ ಬಳಲಿ ಹೋಗಿರುವೆನೆಂಬುದೇ ಆಕೆಯ ಉತ್ತರದ ತಾತ್ಪರ್ಯ. 1855ರ ಮಾರ್ಚ್ 31ರಂದು, ಹಾವರ್ತ್ ಗ್ರಾಮದ ಆ ಪಾದ್ರಿಯ ಮನೆಯಲ್ಲಿ, ಆಕೆ ತೀರಿಕೊಂಡಳು. ಮರಣಪತ್ರದಲ್ಲಿ ಕ್ಷಯವೆಂದು ಬರೆಯಲಾಯಿತು. ವರ್ಣನೆಯನ್ನು ಓದಿದ ಈಚಿನ ವೈದ್ಯರಲ್ಲಿ ಹಲವರು ಅತಿವಮನವೇ ಕಾರಣವಾಗಿರಬಹುದೆಂದು ಊಹಿಸಿದ್ದಾರೆ. ರೋಗದ ಹೆಸರು ಯಾವುದಾದರಾಗಲಿ, ಆ ಮನೆಯಲ್ಲಿ ಯಾರೂ ದುಷ್ಟರಿರಲಿಲ್ಲ. ಗಂಡನು ಪ್ರೀತಿಸಿದನು, ಸೇವಕಿ ಅಕ್ಕರೆಯಿಂದ ಆರೈಕೆಮಾಡಿದಳು, ವೈದ್ಯನು ತನಗೆ ತಿಳಿದುದನ್ನು ಹೇಳಿದನು. ಆದರೂ ಎಲ್ಲರ ಸಾಂತ್ವನವೂ 'ಇದು ಸ್ವಾಭಾವಿಕ, ಇದು ಕಳೆದುಹೋಗುವುದು' ಎಂಬೆರಡು ಮಾತುಗಳೊಳಗೇ ನಿಂತಿತು.

ಮೊದಲನೆಯ ಮಾತನ್ನು ನೋಡೋಣವಾಗಲಿ. ಸ್ವಾಭಾವಿಕವೆಂಬ ಶಬ್ದಕ್ಕೆ, ಪ್ರಕೃತಿಯಲ್ಲಿ ನಡೆಯತಕ್ಕದ್ದು ಎಂಬುದಷ್ಟೇ ನ್ಯಾಯವಾದ ಅರ್ಥ. ಹಾವಿನ ವಿಷವೂ ಸ್ವಾಭಾವಿಕ, ಬರಗಾಲವೂ ಸ್ವಾಭಾವಿಕ. ಹಾವು ಕಡಿದವನ ಮುಂದೆ ವಿಷದ ಸ್ವಾಭಾವಿಕತೆಯನ್ನು ಯಾರೂ ವರ್ಣಿಸುವುದಿಲ್ಲ. ಗರ್ಭಿಣಿಯ ವಿಷಯದಲ್ಲಿ ಮಾತ್ರ ಆ ಶಬ್ದವು ಸದ್ದಿಲ್ಲದೆ ಬೇರೊಂದು ಅರ್ಥವನ್ನು ಹೊತ್ತುಕೊಳ್ಳುತ್ತದೆ. ಹೀಗಾಗುವುದು ಸ್ವಭಾವವಾದುದರಿಂದ ಇದರಲ್ಲಿ ಕೇಡಿಲ್ಲ, ಕೇಡಿಲ್ಲವಾದುದರಿಂದ ಪಕ್ಕದವರು ಮಾಡಬೇಕಾದುದೂ ಏನಿಲ್ಲ ಎಂದಾಗುತ್ತದೆ. ರೋಗದ ಕಾರಣವನ್ನು ಹೇಳುವ ವಾಕ್ಯವು ಕರ್ತವ್ಯದಿಂದ ಬಿಡುಗಡೆ ಕೊಡುವ ವಾಕ್ಯವಾಗಿ ಮಾರ್ಪಟ್ಟಿತು. ತರ್ಕದಲ್ಲಿ ಇದು ಸಣ್ಣ ಜಾರಾಟ, ಬದುಕಿನಲ್ಲಿ ಸಣ್ಣದಲ್ಲ.

ಇಲ್ಲಿ ಮನೆಯ ಹಿರಿಯ ಮುತ್ತೈದೆಯು ಆಕ್ಷೇಪಿಸಬಹುದು: 'ಹಿಂದೆ ಎಂಟು ಹತ್ತು ಹೆತ್ತವರು ಇರಲಿಲ್ಲವೆ? ವಾಂತಿ ಮಾಡಿಕೊಂಡು, ಬಾಯಿ ತೊಳೆದುಕೊಂಡು, ಬೀಸುವ ಕಲ್ಲಿನ ಮುಂದೆ ಕೂತವರು ಇರಲಿಲ್ಲವೆ?' ಈ ಮಾತನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಅದು ಸುಳ್ಳಲ್ಲ, ಅದರ ಹಿಂದೆ ಒಂದು ಬಾಳಿನ ಬೆವರು ಇದೆ. ಆದರೆ ಅದಕ್ಕೆ ಎರಡು ಸಮಾಧಾನಗಳುಂಟು. ತಾಳಿ ಬದುಕಿದವರು ಮಾತ್ರವೇ ಸಾಕ್ಷಿ ಹೇಳುವುದಕ್ಕೆ ಉಳಿದಿರುತ್ತಾರೆ. ತಾಳಲಾರದೆ ಹೋದವಳ ಸಾಕ್ಷ್ಯವು ಯಾವ ಜಗಲಿಯಲ್ಲಿಯೂ ಕೇಳಿಬರುವುದಿಲ್ಲ. ಇದು ಮೊದಲನೆಯದು. ಎರಡನೆಯದಾಗಿ, ಆ ಹಿರಿಯಳು ಅನುಭವಿಸಿದುದು ಹತ್ತರಲ್ಲಿ ಎಂಟು ಮಂದಿಯ ಓಕರಿಕೆಯೋ, ನೂರರಲ್ಲಿ ಒಬ್ಬಳ ಅತಿವಮನವೋ ಎಂಬುದನ್ನು ಅಳೆದವರಿಲ್ಲ. ತನ್ನ ನೋವು ಎಲ್ಲ ನೋವುಗಳ ಅಳತೆಗೋಲೆಂದು ನಂಬುವುದು ಮನುಷ್ಯಸ್ವಭಾವ. ಕೆರೆಯಲ್ಲಿ ಈಜಿದವನು ನೆರೆಯ ಹೊಳೆಯಲ್ಲಿ ಸಿಕ್ಕಿದವನಿಗೆ 'ನಾನೂ ನೀರಿನಲ್ಲಿದ್ದವನೇ' ಎಂದರೆ ಮಾತು ನಿಜವೇ ಹೌದು, ಪ್ರಯೋಜನವಿಲ್ಲ.

ಭಾರತದ ಪ್ರಾಚೀನರು ಈ ವಿಷಯದಲ್ಲಿ ಅರಿವಿಲ್ಲದವರಾಗಿರಲಿಲ್ಲ. ಚರಕಸಂಹಿತೆಯ ಶಾರೀರಸ್ಥಾನವು ಗರ್ಭಲಕ್ಷಣಗಳನ್ನು ಎಣಿಸುವಾಗ ಬಾಯಲ್ಲಿ ನೀರೂರುವುದು, ಅನ್ನದಲ್ಲಿ ಅರುಚಿ, ವಾಂತಿ, ಹುಳಿಯ ಬಯಕೆ ಇವನ್ನು ಒಟ್ಟಿಗೆ ಹೇಳುತ್ತದೆ. ಸುಶ್ರುತನು ಗರ್ಭಿಣಿಯನ್ನು ಎರಡು ಹೃದಯಗಳುಳ್ಳವಳೆಂದು ಕರೆದು ಆಕೆಯ ಬಯಕೆಯನ್ನು ಅವಮಾನಿಸಬಾರದೆಂದು ವಿಧಿಸಿದನು. ರಘುವಂಶದ ಮೂರನೆಯ ಸರ್ಗದಲ್ಲಿ ದಿಲೀಪ ಮಹಾರಾಜನು, ರಾಣಿ ಸುದಕ್ಷಿಣೆಯು ನಾಚಿಕೆಯಿಂದ ತನ್ನ ಇಷ್ಟವನ್ನು ಹೇಳಲಾರಳೆಂದು, ಆಕೆಯ ಸಖಿಯರನ್ನು ಮೇಲಿಂದ ಮೇಲೆ ಕೇಳುತ್ತಾನೆ. ಚಕ್ರವರ್ತಿಯಾದವನು ಕೇಳುತ್ತಾನೆಂಬುದೇ ಅಲ್ಲಿನ ಸೊಗಸು. ಆದರೆ ಕೇಳುವುದೊಂದೇ ಸಾಲದೆಂಬುದಕ್ಕೆ ರಾಮಾಯಣದ ಉತ್ತರಕಾಂಡವೇ ಸಾಕ್ಷಿ. ಬಸುರಿ ಸೀತೆಯ ಬಯಕೆಯನ್ನು ರಾಮನೂ ಕೇಳಿದನು. ಗಂಗಾತೀರದ ತಪೋವನಗಳನ್ನು ನೋಡಬೇಕೆಂದು ಆಕೆ ಹೇಳಿದಳು. ಆ ಬಯಕೆಯೇ ಆಕೆಯನ್ನು ಕಾಡಿಗೆ ಕಳುಹಿಸುವುದಕ್ಕೆ ನೆವವಾಯಿತು. ಬಾಯಿಬಿಟ್ಟು ಹೇಳಿಕೊಂಡ ಮಾತು ಹೇಳಿದವಳ ಮೇಲೆಯೇ ತಿರುಗುವುದಾದರೆ, ಮುಂದೆ ಯಾರು ತಾನೆ ಹೇಳಿಕೊಂಡಾರು? ಇನ್ನೊಂದು ವಿಷಯವೂ ಇದೆ. ಬಯಕೆಯನ್ನು ಕೇಳುವ ಸಂಪ್ರದಾಯ ಕನ್ನಡನಾಡಿನ ಮನೆಗಳಲ್ಲಿ ಬಯಕೆಯ ಊಟದ ರೂಪದಲ್ಲಿ ಉಳಿದುಬಂದಿದೆ. ಒಲ್ಲೆನೆಂಬುದನ್ನು ಕೇಳುವ ಸಂಪ್ರದಾಯವು ಅಷ್ಟಾಗಿ ಬೆಳೆಯಲಿಲ್ಲ. 'ಏನು ಬೇಕು?' ಎಂದು ಕೇಳುವ ಮನೆಯೇ, 'ಇದು ಬೇಡ, ತಾಳಲಾರೆ' ಎಂಬ ಉತ್ತರ ಬಂದಾಗ ಅದನ್ನು ಹಟವೆಂದೋ ಸೋಗೆಂದೋ ಎಣಿಸುವುದುಂಟು.

ಈ ಅಪನಂಬಿಕೆಗೆ ಒಂದು ಕಾಲದಲ್ಲಿ ಶಾಸ್ತ್ರದ ಬೆಂಬಲವೂ ದೊರಕಿತ್ತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪಾಶ್ಚಾತ್ಯ ವೈದ್ಯರಲ್ಲಿ ಕೆಲವರು, ತಾಯಿಯು ಒಳಮನಸ್ಸಿನಲ್ಲಿ ಮಗುವನ್ನು ಒಲ್ಲದಿರುವುದರಿಂದಲೇ ಹೀಗೆ ಕಕ್ಕುವಳೆಂದು ವಾದಿಸಿದರು. ಬಂಧುಗಳಿಂದ ಅಗಲಿಸಿ ಒಂಟಿಯಾಗಿ ಇಡುವುದನ್ನು ಚಿಕಿತ್ಸೆಯೆಂದು ನಡೆಸಿದರು. ಸಂಕಟದಲ್ಲಿರುವವಳಿಗೆ ಇದಕ್ಕಿಂತ ಕ್ರೂರವಾದ ಆರೋಪ ಇನ್ನಾವುದಿದ್ದೀತು? 2023ರ ಡಿಸೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯು ಈ ಆರೋಪದ ಬುಡವನ್ನೇ ಅಲುಗಿಸಿತು. ಕೇಂಬ್ರಿಡ್ಜಿನ ಸ್ಟೀಫನ್ ಓ'ರಾಹಿಲಿ, ಅಮೆರಿಕದ ಮಾರ್ಲೀನಾ ಫೆಜೊ ಮೊದಲಾದವರು ತೋರಿಸಿಕೊಟ್ಟಂತೆ, ಜಿಡಿಎಫ್-15 ಎಂಬ ಹಾರ್ಮೋನು ಗರ್ಭದ ಕಡೆಯಿಂದ ಹೊರಟು ತಾಯಿಯ ರಕ್ತವನ್ನು ಸೇರಿ, ಹಿಂಮೆದುಳನ್ನು ಮುಟ್ಟಿ ಓಕರಿಕೆಯನ್ನು ಹುಟ್ಟಿಸುತ್ತದೆ. ಬಸಿರಿಗೆ ಮುಂಚೆ ಯಾರ ರಕ್ತದಲ್ಲಿ ಆ ವಸ್ತುವು ಕಡಮೆಯಿದ್ದಿತೋ ಅವರಿಗೆ ಅದರ ಏಕಾಏಕಿ ಏರಿಕೆಯು ಹೆಚ್ಚು ಬಾಧಿಸುತ್ತದೆ. ಮೊದಲಿನಿಂದಲೂ ಅದು ಹೆಚ್ಚಾಗಿರುವ ಬೀಟಾ ಥಲಸ್ಸೀಮಿಯಾ ರೋಗಿಗಳಲ್ಲಿ ಬಸಿರಿನ ವಾಂತಿ ವಿರಳ. ಫೆಜೊ ಅವರು ಸ್ವತಃ ಈ ವ್ಯಾಧಿಗೆ ಗುರಿಯಾಗಿ 1999ರಲ್ಲಿ ಗರ್ಭವನ್ನು ಕಳೆದುಕೊಂಡವರು. ನಂಬದ ಜನರ ನಡುವೆ ನರಳಿದಾಕೆಯೇ ನಂಬಿಸುವ ಪ್ರಮಾಣವನ್ನು ಹುಡುಕಿ ತಂದಂತಾಯಿತು. ಆದರೂ ಕೇಳತಕ್ಕ ಪ್ರಶ್ನೆಯೊಂದು ಉಳಿಯುತ್ತದೆ: ಹಾರ್ಮೋನಿನ ಹೆಸರು ತಿಳಿಯುವವರೆಗೂ ಆ ಹೆಂಗಸರ ಮಾತನ್ನು ನಂಬಲು ಏನು ಅಡ್ಡಿಯಿತ್ತು?

ಔಷಧದ ವಿಷಯದಲ್ಲಿ ಮಾತ್ರ ಹಿಂಜರಿಕೆಗೆ ಗಟ್ಟಿಯಾದ ಕಾರಣವಿದೆಯೆಂಬುದನ್ನು ಒಪ್ಪಬೇಕು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ಮದ್ದನ್ನು ಬಸುರಿಯರ ಓಕರಿಕೆಗೂ ಕೊಟ್ಟರು. 1961ರಲ್ಲಿ ಅದನ್ನು ಹಿಂತೆಗೆಯುವಷ್ಟರಲ್ಲಿ ಲೋಕದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿದ ಶಿಶುಗಳು ಕೈಕಾಲುಗಳ ಊನದೊಡನೆ ಹುಟ್ಟಿದ್ದುವೆಂದು ಅಂದಾಜು. ಆ ಭಯ ನ್ಯಾಯವಾದದ್ದು. ಆದರೆ ಭಯವೂ ತಪ್ಪು ಮಾಡಬಲ್ಲುದು. ಡಾಕ್ಸಿಲಮಿನ್ ಮತ್ತು ಬಿ-6 ಜೀವಸತ್ವ ಸೇರಿದ ಬೆಂಡೆಕ್ಟಿನ್ ಎಂಬ ಔಷಧಿಯನ್ನು, ಅದರಿಂದ ಶಿಶುವಿಗೆ ಕೇಡೆಂಬುದು ಸಿದ್ಧವಾಗದಿದ್ದರೂ, ವ್ಯಾಜ್ಯಗಳ ಕಾಟದಿಂದ ತಯಾರಕರು 1983ರಲ್ಲಿ ಅಮೆರಿಕದ ಪೇಟೆಯಿಂದ ತೆಗೆದುಬಿಟ್ಟರು. ಬಳಿಕ ಅತಿವಮನದಿಂದ ಆಸ್ಪತ್ರೆ ಸೇರುವ ಬಸುರಿಯರ ಪ್ರಮಾಣ ಅಲ್ಲಿ ಏರಿತು. ಅದೇ ಎರಡು ದ್ರವ್ಯಗಳ ಮಾತ್ರೆಗೆ 2013ರಲ್ಲಿ ಮತ್ತೆ ಅಪ್ಪಣೆ ದೊರಕಿತು. ಕೊಡುವುದು ಒಂದು ಕಾರ್ಯ, ಕೊಡದಿರುವುದು ಕಾರ್ಯವೇ ಅಲ್ಲವೆಂದು ಜನ ತಿಳಿಯುತ್ತಾರೆ. ಕೊಡದಿರುವುದಕ್ಕೂ ಫಲವುಂಟು, ಆ ಫಲವನ್ನು ಉಣ್ಣುವವಳು ಬೇರೆಯಾದುದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೆ.

ಹಾಗಾದರೆ ಪಕ್ಕದವರ ಧರ್ಮವೇನು? ಅದು ಗಹನವಾದುದೇನಲ್ಲ. ಆಕೆಯ ಮಾತನ್ನು ಮೊದಲು ನಂಬುವುದು. ಯಾವ ವಾಸನೆ ಸೇರದೆಂದಳೋ ಅದನ್ನು ಮನೆಯಿಂದ ದೂರಮಾಡುವುದು. ಅಡಿಗೆಯ ಮನೆಯ ಭಾರವನ್ನು ಗಂಡಸರಾದರೂ ಸರಿಯೆ ತಮ್ಮ ಮೇಲೆ ಎಳೆದುಕೊಳ್ಳುವುದು. ಹೊತ್ತಿನ ಊಟಕ್ಕೆ ಬಲವಂತಮಾಡದೆ, ಒಣ ತಿನಿಸೋ ತಣ್ಣನೆಯ ಗುಟುಕೋ ಯಾವುದು ನಿಲ್ಲುವುದೋ ಅದನ್ನು ಸ್ವಲ್ಪಸ್ವಲ್ಪವಾಗಿ, ಮೇಲಿಂದ ಮೇಲೆ ಕೊಡುವುದು. ಇವೆಲ್ಲದರ ಮೇಲೆ, ಎಚ್ಚರಿಕೆಯ ಗುರುತುಗಳನ್ನು ತಿಳಿದಿರುವುದು: ಒಂದು ಹಗಲು ಒಂದು ಇರುಳು ನೀರೂ ನಿಲ್ಲದಿದ್ದರೆ, ಮೂತ್ರ ಕಡಮೆಯಾಗಿ ಬಣ್ಣ ಕಟ್ಟಿದರೆ, ಎದ್ದು ನಿಂತಾಗ ತಲೆ ತಿರುಗಿದರೆ, ಮೈ ಇಳಿಯುತ್ತ ಬಂದರೆ, ನಾಳೆಗೆಂದು ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ರಕ್ತನಾಳದ ಮೂಲಕ ಕೊಡುವ ದ್ರವ, ಬಿ-1 ಜೀವಸತ್ವ, ವಾಂತಿಯನ್ನು ತಡೆಯುವ ಪರೀಕ್ಷಿತ ಮದ್ದುಗಳು ಈಗ ಊರ ಆಸ್ಪತ್ರೆಗಳಲ್ಲಿಯೂ ದೊರೆಯತಕ್ಕವು. ಷಾರ್ಲೆಟ್ಟಳ ಕಾಲದಲ್ಲಿ ಇವಾವುವೂ ಇರಲಿಲ್ಲ. ಇಂದು 'ಸ್ವಲ್ಪ ತಾಳ್ಮೆ' ಎಂದು ಮಾತ್ರ ಹೇಳುವವನಿಗೆ ಅಂದಿನ ವೈದ್ಯನಿಗಿದ್ದ ಕ್ಷಮೆಯೂ ಇಲ್ಲ.

'ಮಗುವಿನ ಮುಖ ನೋಡಿದರೆ ಎಲ್ಲ ಮರೆತುಹೋಗುವುದು' ಎಂಬ ಎರಡನೆಯ ಸಾಂತ್ವನವು ಬಹುಶಃ ನಿಜವಾಗುತ್ತದೆ. ಆದರೆ ನಾಳೆಯ ಸಂತೋಷದಿಂದ ಇಂದಿನ ಸಾಲವನ್ನು ತೀರಿಸಲಾಗದು. ಮಗುವಿನ ಮಾತನ್ನೆತ್ತಿದಾಗ ಆಕೆಯ ಮುಖ ಅರಳದಿದ್ದರೆ ಅದನ್ನು ಮಾತೃಪ್ರೇಮದ ಕೊರತೆಯೆಂದು ಅಳೆಯುವುದಂತೂ ಅನ್ಯಾಯ. ಹಸಿವೆಯಿಂದ ಕಂಗೆಟ್ಟವನಿಗೆ ಸಂಗೀತ ರುಚಿಸದಿದ್ದರೆ ಅವನು ಅರಸಿಕನೆಂದು ಯಾರೂ ತೀರ್ಮಾನಿಸುವುದಿಲ್ಲವಷ್ಟೆ.

ಹಾಗೆಂದು ಸಹನೆಗೆ ಇಲ್ಲಿ ಎಡೆಯಿಲ್ಲವೆಂದಲ್ಲ. ಒಳ್ಳೆಯ ಚಿಕಿತ್ಸೆ ದೊರೆತರೂ ಈ ವ್ಯಾಧಿ ಪೂರ್ಣವಾಗಿ ನಿಲ್ಲದಿರುವುದುಂಟು. ಆಗ ಉಳಿಯುವುದು ದಿನವೊಂದನ್ನು ದಿನವೊಂದಾಗಿ ಕಳೆಯುವ ಕೆಲಸ. ಅದನ್ನು ಮಾಡತಕ್ಕವಳು ಆಕೆಯೇ, ಮಾಡುವ ಧೈರ್ಯವೂ ಆಕೆಯದೇ. ಆ ಧೈರ್ಯವನ್ನು ಕಂಡು ತಲೆಬಾಗುವ ಅಧಿಕಾರ ಎಲ್ಲರಿಗೂ ಉಂಟು. ಅದನ್ನು ತೋರಿಸೆಂದು ಆಜ್ಞಾಪಿಸುವ ಅಧಿಕಾರವು ನೋವಿಲ್ಲದವನಿಗೆ ಇಲ್ಲ. ಪಕ್ಕದಲ್ಲಿ ನಿಂತವನಿಗೂ ಸಹನೆಯ ಧರ್ಮವೊಂದಿದೆಯಾದರೆ ಅದು ಬೇರೆ ಬಗೆಯದು: ನಡುರಾತ್ರಿಯಲ್ಲಿ ಮತ್ತೆ ಎದ್ದು ಬಟ್ಟಲನ್ನು ಹಿಡಿಯುವುದು, ಮೂರು ಬಾರಿ ಬೇಡವೆಂದದ್ದನ್ನು ಬೇಸರಿಸದೆ ಒಳಕ್ಕೆ ಒಯ್ಯುವುದು, ಕಾರಣ ಕೇಳದೆ ಕಾದಿರುವುದು. ಪರರಿಗೆ ಉಪದೇಶಿಸುವ ಸಹನೆಯನ್ನು ಮನೆಯವರು ಇಷ್ಟರ ಮಟ್ಟಿಗಾದರೂ ತಾವು ಆಚರಿಸಿದರೆ, ಉಪದೇಶದ ಅವಶ್ಯಕತೆಯೇ ಬಹುವಾಗಿ ಕಡಮೆಯಾದೀತು.