ಬೇಡದ ಮಾತಿಗೂ ಸಾಕ್ಷಿ

ಲೋಕದಲ್ಲಿ ನಡೆಯುವ ಮಾತೆಲ್ಲಕ್ಕೂ ಕಿವಿಗೊಡಬೇಕಾದ ಹೊಣೆ ಮನುಷ್ಯನಿಗೆ ಉಂಟೆ, ಅಥವಾ ತನ್ನ ಕರ್ತವ್ಯಕ್ಕೆ ಸಂಬಂಧಪಟ್ಟಷ್ಟನ್ನು ಆಯ್ದುಕೊಂಡು ಮಿಕ್ಕುದರಿಂದ ಮುಖ ತಿರುಗಿಸುವ ಹಕ್ಕು ಅವನಿಗೆ ಸಲ್ಲುವುದೆ ಎಂಬ ಪ್ರಶ್ನೆ ಹಳೆಯದು. ಮನಸ್ಸು ಅಣುಪರಿಮಾಣದ್ದು, ಆದಕಾರಣ ಏಕಕಾಲದಲ್ಲಿ ಎರಡು ಜ್ಞಾನಗಳು ಹುಟ್ಟಲಾರವು ಎಂದು ನೈಯಾಯಿಕರು ಹೇಳಿದರು. ಇಂದ್ರಿಯಗಳನ್ನು ವಿಷಯಗಳಿಂದ ಹಿಂದೆಗೆಯುವ ಪ್ರತ್ಯಾಹಾರವನ್ನು ಯೋಗಶಾಸ್ತ್ರವು ಸಾಧನೆಯ ಒಂದು ಅಂಗವಾಗಿಯೇ ಎಣಿಸಿತು. ಆಯ್ಕೆ ಅನಿವಾರ್ಯವೆಂಬುದರಲ್ಲಿ ವಿವಾದವಿಲ್ಲ. ಆಯ್ದುಕೊಂಡ ಮಾತ್ರಕ್ಕೆ ಮಿಕ್ಕುದರ ಋಣ ತೀರಿತೆ ಎಂಬುದೇ ವಿಚಾರಾರ್ಹವಾದ ಅಂಶ.

ಇದಕ್ಕೆ ಒಪ್ಪುವ ದೃಷ್ಟಾಂತವೊಂದು ಇಂದಿನ ಮೋಟಾರು ವಾಹನಗಳ ಒಡಲಲ್ಲಿದೆ. ಜರ್ಮನಿಯ ಬಾಷ್ ಸಂಸ್ಥೆಯು 1986ರಲ್ಲಿ ಡೆಟ್ರಾಯಿಟ್ ನಗರದ ಸಮ್ಮೇಳನವೊಂದರಲ್ಲಿ ಜಗತ್ತಿನ ಮುಂದಿಟ್ಟ ಕ್ಯಾನ್ ಬಸ್ ಎಂಬ ವ್ಯವಸ್ಥೆಯಲ್ಲಿ ಎಂಜಿನ್, ಬ್ರೇಕ್, ಬಾಗಿಲು, ದೀಪ ಇವುಗಳ ನಿಯಂತ್ರಕಗಳು ಒಂದೇ ಜೋಡಿ ತಂತಿಯನ್ನು ಹಂಚಿಕೊಂಡಿರುತ್ತವೆ. ಅಲ್ಲಿನ ಸಂದೇಶಕ್ಕೆ ವಿಳಾಸವಿಲ್ಲ. ತಾನು ಯಾವ ವಿಷಯದ್ದೆಂದು ಸಾರುವ 11 ಅಥವಾ 29 ಬಿಟ್‌ಗಳ ಐಡಿ ಮಾತ್ರ ಉಂಟು. ಒಬ್ಬನು ನುಡಿದದ್ದು ಎಲ್ಲರಿಗೂ ಕೇಳಿಸುತ್ತದೆ. ಅದು ತನಗೆ ಬೇಕೆ ಬೇಡವೆ ಎಂಬ ತೀರ್ಮಾನ ಕೇಳುವವನದು.

ಆ ತೀರ್ಮಾನವನ್ನು ಬರೆದಿಡುವ ಸ್ಥಳವೇ ಫಿಲ್ಟರ್. ಎಸ್‌ಟಿಎಂ32ಎಫ್103 ಎಂಬ ಮೈಕ್ರೋಕಂಟ್ರೋಲರಿನಲ್ಲಿ ಇಂಥ ಫಿಲ್ಟರ್ ಬ್ಯಾಂಕುಗಳು 14. ಐಡಿಯಾಗಿ 256ನ್ನೂ ಮಾಸ್ಕಾಗಿ 11111110000 ಎಂಬುದನ್ನೂ ಬರೆದರೆ, 1 ಇರುವೆಡೆಯ ಬಿಟ್ ತಾಳೆಯಾಗಲೇಬೇಕು, 0 ಇರುವೆಡೆ ಏನಿದ್ದರೂ ಸರಿ ಎಂಬ ಕಟ್ಟಳೆಯಂತೆ 256ರಿಂದ 271ರವರೆಗಿನ 16 ಐಡಿಗಳ ಸಂದೇಶಗಳು ಒಳಬರುತ್ತವೆ. 272 ಹೊರಗೇ ಉಳಿಯುತ್ತದೆ. ಒಳಬಂದವು, ಮೂರು ಮೂರು ಸಂದೇಶ ಹಿಡಿಯುವ, ಫೈಫೋ ಎಂಬ ಎರಡು ಸರದಿಸಾಲುಗಳಲ್ಲೊಂದನ್ನು ಸೇರಿ ಪ್ರೋಗ್ರಾಮಿಗಾಗಿ ಕಾದಿರುತ್ತವೆ. ಫೈಫೋ ತುಂಬಿ ಸಂದೇಶವೊಂದು ನಷ್ಟವಾದರೆ ಅದರ ಗುರುತಾಗಿ ಓವರ್‌ರನ್ ಬಿಟ್ ಏಳುತ್ತದೆ. ಫಿಲ್ಟರು ತಡೆದದ್ದಕ್ಕೆ ಆ ಗುರುತೂ ಇಲ್ಲ. ಪ್ರೋಗ್ರಾಮಿನ ಪಾಲಿಗೆ ಅದು ಹುಟ್ಟಲೇ ಇಲ್ಲ. ತಾನು ಏನನ್ನು ಅರಿಯಲಿಲ್ಲವೆಂಬುದನ್ನೂ ಅರಿಯದಿರುವ ಈ ಸ್ಥಿತಿಯನ್ನು ಅವಿದ್ಯೆಯ ಗಾಢವಾದ ಬಗೆಯೆನ್ನಬೇಕು. ನಮ್ಮ ಅಭಿರುಚಿ, ಜಾತಿ, ಪಕ್ಷಗಳು ಬಾಲ್ಯದಲ್ಲೇ ಬರೆದಿಟ್ಟ ಮಾಸ್ಕುಗಳಿಂದ ನಾವು ಅನುಭವಿಸುತ್ತಿರುವುದೂ ಇದನ್ನೇ.

ಆದರೆ ಈ ವ್ಯವಸ್ಥೆಯನ್ನು ಕಟ್ಟಿದವರು ಆಯ್ಕೆಯೊಂದಿಗೆ ಧರ್ಮ ಮುಗಿಯಿತೆಂದು ಬಗೆಯಲಿಲ್ಲ. ಪ್ರತಿ ಸಂದೇಶದ ಅಂತ್ಯಭಾಗದಲ್ಲಿ ಅಕ್ ಎಂಬ ಒಂದು ಬಿಟ್ಟಿನಷ್ಟು ಕಾಲವನ್ನು ಕಳುಹಿಸುವವನು ತೆರವಾಗಿ ಬಿಡುತ್ತಾನೆ. ಸಂದೇಶವನ್ನು ದೋಷವಿಲ್ಲದೆ ಗ್ರಹಿಸಿದ ಪ್ರತಿಯೊಂದು ನಿಯಂತ್ರಕವೂ, ಅದರ ಫಿಲ್ಟರು ಆ ಸಂದೇಶವನ್ನು ತಿರಸ್ಕರಿಸಲಿರುವಾಗಲೂ, ಅಲ್ಲಿ, ತೆರವನ್ನು ಮೀರಿ ತಂತಿಯ ಮೇಲೆ ನಿಲ್ಲುವ ಡಾಮಿನೆಂಟ್ ಬಿಟ್ ಒತ್ತಿ ‘ಸರಿಯಾಗಿ ಬಂದಿತು’ ಎಂದು ರುಜು ಹಾಕತಕ್ಕದ್ದು. ಒಬ್ಬನೂ ಒತ್ತದಿದ್ದರೆ ಕಳುಹಿಸಿದವನು ಅದನ್ನೇ ಮತ್ತೆ ಮತ್ತೆ ಕಳುಹಿಸುತ್ತಾನೆ. ಮೇಜಿನ ಮೇಲೆ ಒಂಟಿ ಬೋರ್ಡನ್ನಿಟ್ಟು ಪರೀಕ್ಷಿಸುವವರಿಗೆ ಆಸಿಲೋಸ್ಕೋಪಿನಲ್ಲಿ ಕಾಣುವುದು ಈ ಪುನರುಕ್ತಿಯೇ. ಸಂದೇಶ ಕೆಟ್ಟಿದ್ದರೆ, ಅದು ತನಗೆ ಬೇಡದ್ದೇ ಆಗಿದ್ದರೂ, ಆರು ಡಾಮಿನೆಂಟ್ ಬಿಟ್‌ಗಳ ಎರರ್ ಫ್ಲಾಗನ್ನೆತ್ತಿ ಎಲ್ಲರ ಎದುರಿಗೆ ಆಕ್ಷೇಪಿಸಬೇಕು. ಕ್ರಯಪತ್ರಕ್ಕೆ ಸಾಕ್ಷಿ ಹಾಕುವವನಿಗೆ ಜಮೀನಿನಲ್ಲಿ ಪಾಲಿಲ್ಲ. ಆದರೂ ಅವನ ರುಜುವಿನ ಬಲದಿಂದಲೇ ಕೊಂಡವನೂ ಕೊಟ್ಟವನೂ ನೆಮ್ಮದಿಯಿಂದಿರುತ್ತಾರೆ. ಆಕ್ಷೇಪದ ಹಕ್ಕೂ ನಿರಂಕುಶವಲ್ಲ: ದೋಷಗಳ ಎಣಿಕೆ 128ನ್ನು ಮುಟ್ಟಿದವನ ಆಕ್ಷೇಪಕ್ಕೆ ಪರರ ಮಾತನ್ನು ಮುರಿಯುವ ಶಕ್ತಿ ಉಳಿಯುವುದಿಲ್ಲ, ಕಳುಹಿಸುವಿಕೆಯ ದೋಷಗಳ ಎಣಿಕೆ 256 ಆದವನು ಬಸ್ಸಿನಿಂದಲೇ ಹೊರಗಾಗುತ್ತಾನೆ. ಪರರ ತಪ್ಪನ್ನು ಎತ್ತಿ ಹೇಳುವ ಅಧಿಕಾರ ತನ್ನ ಶುದ್ಧಿಯನ್ನು ಅವಲಂಬಿಸಿದೆ.

ಅಕ್ ಬಿಟ್ಟಿನಿಂದ ಸಿದ್ಧವಾಗುವುದು ಯಾರಾದರೊಬ್ಬರು ಸರಿಯಾಗಿ ಕೇಳಿದರೆಂಬುದೇ ಹೊರತು, ಅವಶ್ಯವಿದ್ದವನಿಗೆ ಮುಟ್ಟಿತೆಂಬುದಲ್ಲ. ಇಷ್ಟು ಅಲ್ಪವಾದ ಸಾಕ್ಷ್ಯದಿಂದ ಫಲವೇನೆಂದು ಕೇಳಬಹುದು. ಅಲ್ಪವಾದ್ದರಿಂದಲೇ ಅದು ಎಲ್ಲರ ಶಕ್ತಿಗೂ ನಿಲುಕುವಂಥದು. ಲೋಕದ ದುಃಖವನ್ನೆಲ್ಲ ಹೊರಲು ಯಾರಿಂದಲೂ ಆಗದು. ನಿಜವಾಗಿ ನುಡಿದದ್ದನ್ನು ನಿಜವೆಂದು ಒಪ್ಪಲು, ಕೆಡಿಸಿ ನುಡಿದದ್ದನ್ನು ಅಲ್ಲವೆನ್ನಲು ಯಾರಿಂದಲಾದರೂ ಆದೀತು.

ಏನನ್ನೂ ಒತ್ತದೆ ಬರಿದೆ ಆಲಿಸುವ ಸೈಲೆಂಟ್ ಮೋಡ್ ಎಂಬುದೊಂದೂ ಮೇಲೆ ಹೇಳಿದ ಮೈಕ್ರೋಕಂಟ್ರೋಲರಿನಲ್ಲಿ ಉಂಟು. ಮುಂಡಕೋಪನಿಷತ್ತಿನಲ್ಲಿ ಫಲವನ್ನು ತಿನ್ನದೆ ನೋಡುತ್ತಿರುವ ಹಕ್ಕಿಯ ನೆನಪು ಇಲ್ಲಿ ಬಾರದಿರದು. ಆದರೆ ಆ ಸಾಕ್ಷಿತ್ವವು ಆತ್ಮಸ್ವರೂಪದ ನಿರೂಪಣೆಯೇ ಹೊರತು ಸಂಸಾರಿಯ ಮೌನಕ್ಕೆ ಪ್ರಮಾಣವಲ್ಲ. ಬಸ್ಸನ್ನು ಪರಿಶೀಲಿಸಲೆಂದು ಬಂದ ಉಪಕರಣವೊಂದು ಮೌನವಾಗಿದ್ದರೆ ಬಾಧಕವಿಲ್ಲ. ಕೇಳುವವರೆಲ್ಲರೂ ಆ ಮೌನವನ್ನೇ ವರಿಸಿದರೆ ಯಾರ ಮಾತೂ, ಮೌನಿಗಳು ತಮ್ಮ ಫಿಲ್ಟರಿನಲ್ಲಿ ಬೇಕೆಂದು ಬರೆದುಕೊಂಡ ಮಾತೂ, ಪೂರ್ಣಗೊಳ್ಳದು. ಆದ್ದರಿಂದ ನಿರ್ಲಿಪ್ತನಾಗಬಯಸುವವನು ತನ್ನ ಫಿಲ್ಟರನ್ನು ಎಷ್ಟಾದರೂ ಕಿರಿದುಗೊಳಿಸಿಕೊಳ್ಳಲಿ. ಅಕ್ ಬಿಟ್ಟನ್ನು ಒತ್ತುವ ಋಣದಿಂದ ಮಾತ್ರ ಅವನಿಗೆ ಬಿಡುಗಡೆಯಿಲ್ಲ.