ತೊಳೆದ ಕೈಯ ಆಶೀರ್ವಾದ

ತೆಂಗಿನ ಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಯುವಕನೊಬ್ಬನನ್ನು ಕಾಣಲು ಕೆಲವು ವರ್ಷಗಳ ಹಿಂದೆ ಆಸ್ಪತ್ರೆಗೆ ಹೋಗಿದ್ದೆ. ಪಕ್ಕದ ಹಾಸಿಗೆಯ ವೃದ್ಧರಿಗೆ ಅಭ್ಯಂಗ ಸಂಸ್ಕಾರ ನೀಡಿ, ಅದೇ ಕೈಯನ್ನು ಆ ಯುವಕನ ಹಣೆಯ ಮೇಲಿಡಲು ಹೊರಟಾಗ ದಾದಿಯೊಬ್ಬರು ನಯವಾಗಿ ತಡೆದರು: "ಫಾದರ್, ಮೊದಲು ಕೈ ತೊಳೆದುಕೊಳ್ಳಿ." ಆಶೀರ್ವದಿಸುವ ಕೈಯೂ ಹಾನಿ ಮಾಡೀತೇ ಎಂದು ಮನಸ್ಸು ಮುದುಡಿತು.

ಮಾಡಬಲ್ಲದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಾದ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿ ಒಳಗೊಳಗೇ ಒಣಗಿ ಉಂಡೆಕೊಬ್ಬರಿಯಾಗುತ್ತದೆ. ಚಿಪ್ಪು ಬಿರುಕುಬಿಟ್ಟರೆ ಕೊಳೆಯುತ್ತದೆ. ನಮ್ಮ ಚರ್ಮವೂ ಅಂಥದೊಂದು ಚಿಪ್ಪು. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯ ತೊಂದರೆ ಕೊಡದೆ ನೆಲೆಸಿರುತ್ತದೆ. ಹೀಗೆ ನೆಲೆಸಿರುವುದು ರೋಗವಲ್ಲ. ಆದರೆ ಶಸ್ತ್ರಚಿಕಿತ್ಸೆಯ ಗಾಯ, ರಕ್ತನಾಳಕ್ಕೆ ಚುಚ್ಚಿದ ಸೂಜಿ, ಮೂತ್ರದ ನಳಿಕೆ ಇವೆಲ್ಲ ಚಿಪ್ಪಿನ ಬಿರುಕುಗಳು. ರೋಗಿಯ ಮೈಮೇಲೆಯೇ ಇದ್ದ, ಇಲ್ಲವೇ ಪರರ ಕೈಯಿಂದ ಬಂದು ನೆಲೆಸಿದ ಬ್ಯಾಕ್ಟೀರಿಯ ಅಲ್ಲಿಂದ ಒಳನುಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ, ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಆಸ್ಪತ್ರೆ ಸೇರಿದ 100 ರೋಗಿಗಳಲ್ಲಿ 15 ಮಂದಿ ಅಲ್ಲಿಯೇ ಸೋಂಕಿಗೆ ಗುರಿಯಾಗುತ್ತಾರೆ.

ಅರಿಯದೆ ಮಾಡಿದ ಹಾನಿಗೆ ನಾವು ಹೊಣೆಯೇ? 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಶವಪರೀಕ್ಷೆ ಮುಗಿಸಿ ಬರುವವರು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ವಿಧಿಸಿದರು. ಏಪ್ರಿಲ್‌ನಲ್ಲಿ 100ಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್‌ನಲ್ಲಿ 2ಕ್ಕೆ ಇಳಿಯಿತು. ಆದರೂ ಅನೇಕ ವೈದ್ಯರು ಒಪ್ಪಲಿಲ್ಲ. ತಮ್ಮ ಕೈಯೇ ಸಾವನ್ನು ಹೊತ್ತು ತಂದಿತೆಂದು ಒಪ್ಪಿಕೊಳ್ಳುವುದು ಯಾರಿಗೂ ಕಠಿಣವೇ. ಅರಿಯದಿದ್ದುದು ಪಾಪವಲ್ಲ, ಅರಿತ ಮೇಲೂ ಹಟ ಹಿಡಿಯುವುದು ಪಾಪ.

ರೋಗಿಗಳ ಸಂದರ್ಶನ ಕರುಣೆಯ ಕಾರ್ಯ. ಆದರೆ ಎಳನೀರು ಹಿಡಿದು ಊರಿಗೆ ಊರೇ ವಾರ್ಡಿಗೆ ನುಗ್ಗುವುದು ಕರುಣೆಯಲ್ಲ. ರೋಗಿಯನ್ನು ಮುಟ್ಟುವ ಮುನ್ನ ಮತ್ತು ಮುಟ್ಟಿದ ನಂತರ ಸೋಪು ಹಚ್ಚಿ 40ರಿಂದ 60 ಸೆಕೆಂಡು ಕೈ ತೊಳೆಯೋಣ. ಹಾಸಿಗೆಯ ಮೇಲೆ ಕೂರದಿರೋಣ, ನಳಿಕೆ ಹಾಗೂ ಬ್ಯಾಂಡೇಜುಗಳನ್ನು ಮುಟ್ಟದಿರೋಣ. ಜ್ವರ, ಕೆಮ್ಮು ಇದ್ದರೆ ಮನೆಯಲ್ಲಿಯೇ ಇದ್ದು ಪ್ರಾರ್ಥಿಸೋಣ. ನಳಿಕೆ ಇನ್ನೂ ಅಗತ್ಯವೇ ಎಂದು ವೈದ್ಯರನ್ನು ವಿನಯದಿಂದ ಕೇಳುವುದೂ ತಪ್ಪಲ್ಲ.

ಪಿಲಾತನು ಹೊಣೆಯಿಂದ ನುಣುಚಿಕೊಳ್ಳಲು ಕೈ ತೊಳೆದನು; ನಾವು ಹೊಣೆ ಹೊರಲು ತೊಳೆಯಬೇಕು. ಅಂದು ನಾನು ನಲ್ಲಿಯ ಬಳಿಗೆ ಹೋಗಿ ಕೈ ತೊಳೆದು ಬಂದು, ಆ ಯುವಕನ ಹಣೆಯ ಮೇಲೆ ಕೈಯಿಟ್ಟೆ. ನನ್ನ ಪ್ರಾರ್ಥನೆ ನಲ್ಲಿಯ ಬಳಿಯಲ್ಲಿಯೇ ಆರಂಭವಾಗಿತ್ತು.